ಹಿಂಬದಿ ಬಿಚ್ಚಿದರೆ ಶಾಫ್ಟ್ ಕೈಗೆ ಬರುವುದಿಲ್ಲ

ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ (ಚಕ್ರಗಳ ಕಡೆಗೆ ಶಕ್ತಿ ಹೊರಗೆ ಕೊಡುವ ದಂಡ) ಬದಲಿಸುವ ಬಗ್ಗೆ ನಿಮ್ಮ ಬರಹ ಓದಿದೆ. ಟೇಲ್ ಹೌಸಿಂಗ್, ಅಂದರೆ ಗೇರ್‌ಬಾಕ್ಸ್‌ನ ಹಿಂಬದಿಯ ಕವಚ ಬಿಚ್ಚಿ ಶಾಫ್ಟ್ ಎಳೆದರೆ ಆಯಿತು, ಒಂದು ಭಾನುವಾರ ಸಾಕು ಅಂತ ಬರೆದಿದ್ದೀರಿ. ಜನರಲ್ ಮೋಟಾರ್ಸ್‌ನ 4ಎಲ್60ಇ ತರಹದ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಶಾಫ್ಟನ್ನು ಒಳಗೆ ಪ್ಲಾನೆಟರಿ ಗೇರಿನ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳಿರುವ ಜೋಡಣೆ) ಹತ್ತಿರ ಒಂದು ಸ್ನ್ಯಾಪ್ ರಿಂಗ್, ಅಂದರೆ ಸ್ಪ್ರಿಂಗಿನಂಥ ಲಾಕ್ ಬಳೆ, ಹಿಡಿದಿರುತ್ತದೆ. ಅದನ್ನು ಮುಟ್ಟಬೇಕಾದರೆ ಬಾಕ್ಸ್ ಇಳಿಸಿ, ಮುಂದಿನಿಂದ ಪಂಪ್, ಕ್ಲಚ್ ಡ್ರಮ್ ಎಲ್ಲ ಹೊರಗೆ ತೆಗೆಯಬೇಕು. ಅರ್ಧ ಓವರ್‌ಹಾಲೇ ಆಯ್ತು, ಅಲ್ವಾ? ನನ್ನ ಹಳೇ ಪಿಕಪ್‌ನಲ್ಲಿ ಗೇರ್‌ಬಾಕ್ಸ್‌ನ ಹಿಂದುಗಡೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನೂ ಸುಮ್ನೆ ಶಾಫ್ಟ್ ಮೇಲೆ ಅನುಮಾನಪಟ್ಟಿದ್ದೆ. ಗಾಡಿ ಕೆಳಗೆ ನುಗ್ಗಿ ಯೋಕ್ (ಔಟ್‌ಪುಟ್ ಶಾಫ್ಟಿಗೆ ಕೂರುವ ಡ್ರೈವ್‌ಶಾಫ್ಟಿನ ತುದಿ) ಹಿಡಿದು ಅಲ್ಲಾಡಿಸಿದರೆ ಲೊಡಲೊಡ! ಸವೆದಿದ್ದು ಟೇಲ್ ಹೌಸಿಂಗ್ ಒಳಗೆ ಯೋಕನ್ನು ಆನಿಸಿ ಹಿಡಿಯುವ ಬುಷ್. ಸೀಲ್ ಜೊತೆ ಅದನ್ನು ಬದಲಿಸಿದೆ, ಸೋರಿಕೆ ನಿಂತಿತು. ಶಾಫ್ಟೇ ಹಾಕುತ್ತೇನೆ ಅನ್ನುವವರು ಟೂ ವೀಲ್ ಡ್ರೈವ್‌ಗೂ ಫೋರ್ ವೀಲ್ ಡ್ರೈವ್‌ಗೂ ಅದು ಬೇರೆ ಬೇರೆ ಅನ್ನುವುದನ್ನಾದರೂ ನೋಡಿ ತರಿಸಿ.