ಬಾಲ ಇಲ್ಲದ ಇಂಗ್ಲಿಷು

ಕಾಂಬೋಡಿಯಾದಲ್ಲಿ ಯಾರನ್ನಾದರೂ ಮಾತಾಡಿಸಬೇಕಾದರೆ ಮೊದಲು ಅವರ ವಯಸ್ಸು ಗೊತ್ತಿರಬೇಕು. ದೊಡ್ಡವರಾದರೆ ‘ಬೋಂಗ್’, ಚಿಕ್ಕವರಾದರೆ ‘ಊನ್’. ಅದು ತೀರ್ಮಾನವಾಗದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಕಂಪೋಟ್‌ನಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ, ನಾನು ಸೂಟ್‌ಕೇಸ್ ಕೆಳಗಿಡುವ ಮೊದಲೇ ವಯಸ್ಸು ಕೇಳಿದರು. ಎರಡನೆಯ ಪ್ರಶ್ನೆ ಮದುವೆ. ಮೂರನೆಯದು ಸಂಬಳ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಇದೇ ಮೂರು ಪ್ರಶ್ನೆಗಳು ಬರುತ್ತವಲ್ಲ, ಹಾಗಾಗಿ ಪರದೇಶಕ್ಕೆ ಬಂದಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ.

ಮೊದಲೆರಡನ್ನು ಹೇಗೋ ದಾಟಿದೆ. ಮೂರನೆಯದಕ್ಕೆ ಸಿಕ್ಕಿಬಿದ್ದೆ. ಸಂಬಳ ಇಲ್ಲ, ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದ ಸ್ವಯಂಸೇವಕಿ, ಊಟ-ವಸತಿಗೆ ಆಗುವಷ್ಟು ಕೊಡುತ್ತಾರೆ ಅಂದೆ. ಅವರ ಮೊಮ್ಮಗಳು ಅದನ್ನು ಅಲ್ಲಿನ ಭಾಷೆ ಖ್ಮೇರ್‌ಗೆ ಮಾಡಿ ಹೇಳಿದಳು. ಯಜಮಾನಿ ನನ್ನನ್ನೇ ನೋಡುತ್ತಾ ಕೂತರು. ಪಾಪ, ಊರಲ್ಲಿ ಕೆಲಸ ಸಿಕ್ಕಿಲ್ಲ, ಮದುವೆಯೂ ಆಗಿಲ್ಲ, ಅದಕ್ಕೇ ಇಲ್ಲಿಗೆ ಕಳಿಸಿದ್ದಾರೆ ಎಂದು ಅವರಿಗೆ ಅರ್ಥವಾಯಿತು. ಸಂಜೆಯೊಳಗೆ ಬೀದಿಗೆಲ್ಲ ಅರ್ಥವಾಯಿತು. ಮಾರನೆಯ ದಿನದಿಂದ ನನ್ನ ಬಾಗಿಲಿಗೆ ಬಾಳೆಹಣ್ಣು ಬರತೊಡಗಿತು. ಬೇಡ ಅಂದರೆ ಸಂಕೋಚ ಅಂದುಕೊಂಡು ಇನ್ನೊಂದು ಚಿಪ್ಪು ಇಟ್ಟು ಹೋಗುತ್ತಿದ್ದರು.

ಕಂಪೋಟ್ ಇರುವುದು ದೇಶದ ದಕ್ಷಿಣಕ್ಕೆ, ರಾಜಧಾನಿ ನೋಂ ಪೆನ್‌ನಿಂದ ಸುಮಾರು 150 ಕಿಲೋಮೀಟರ್ ದೂರ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಅರ್ಧ ದಿನ ಪಾಠ, ಅರ್ಧ ದಿನ ಬಿಡುವು. ಆ ಬಿಡುವಿನಲ್ಲಿ ಊರ ಬೌದ್ಧ ದೇವಸ್ಥಾನದ, ಅಂದರೆ ‘ವಾಟ್’ನ ಅಂಗಳದಲ್ಲಿದ್ದ ತಗಡಿನ ಶೆಡ್ಡಿನಲ್ಲಿ ನನ್ನ ಇಂಗ್ಲಿಷ್ ಕ್ಲಾಸು. ಮೊದಲ ದಿನ ತಂದೆತಾಯಂದಿರೂ ಬಂದು ಹಿಂದೆ ನಿಂತಿದ್ದರು. ಅರ್ಧ ಗಂಟೆ ಪಾಠ ಆದಮೇಲೆ ಒಬ್ಬರು ಮೆಲ್ಲಗೆ ಹತ್ತಿರ ಬಂದು, ಇಂಗ್ಲಿಷ್ ಟೀಚರ್ ಎಷ್ಟು ಹೊತ್ತಿಗೆ ಬರ್ತಾರೆ ಅಂತ ನನ್ನನ್ನೇ ಕೇಳಿದರು. ಪರದೇಶದ ಟೀಚರ್ ಅಂದರೆ ಬಿಳಿ ಬಣ್ಣ, ಬಂಗಾರದ ಕೂದಲು ಇರಬೇಕಲ್ವಾ? ನನ್ನನ್ನು ನೋಡಿದರೆ ಪಕ್ಕದ ಊರಿನವಳ ಹಾಗಿದ್ದೇನೆ.

ಮಕ್ಕಳಿಗೆ ಈ ತಕರಾರು ಇರಲಿಲ್ಲ. ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ಕೈಮುಗಿದು ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್, ಹೌ ಆರ್ ಯು, ಐ ಆಮ್ ಫೈನ್, ಥ್ಯಾಂಕ್ ಯು, ಆಂಡ್ ಯು ಎಂದು ಒಂದೇ ಉಸಿರಿಗೆ ಮುಗಿಸಿ ಕೂತುಬಿಡುತ್ತಿದ್ದರು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲ. ಒಮ್ಮೆ ಜ್ವರ ಬಂದು ಕೆಂಪು ಕಣ್ಣಲ್ಲಿ ಹೋಗಿದ್ದೆ. ಐ ಆಮ್ ನಾಟ್ ಫೈನ್ ಅಂದೆ. ಥ್ಯಾಂಕ್ ಯು ಟೀಚರ್ ಅಂತ ಸಂತೋಷವಾಗಿ ಕೂತರು.

ನಿಜವಾದ ಕಷ್ಟ ಉಚ್ಚಾರಣೆಯದು. ಖ್ಮೇರ್ ಮಾತಾಡುವವರು ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುತ್ತಾರೆ. ರೈಸ್, ರೈಡ್, ರೈಟ್ ಮೂರೂ ‘ರೈ’. ಐ ಲೈಕ್ ರೈಸ್ ಅನ್ನುವುದು ‘ಐ ಲೈ ರೈ’. ಟೀಚರ್ ಅನ್ನುವುದಕ್ಕೆ ಮಾತ್ರ ಬಾಲ ಬಿಟ್ಟು ತಲೆ ಕಡಿದು ‘ಚರ್’ ಅನ್ನುತ್ತಿದ್ದರು. ಇದನ್ನು ಸರಿಮಾಡಲು ಬಂದವಳು ಯಾರು? ಬಸ್ಸು, ಕಾರು, ಪೆನ್ನು, ಬುಕ್ಕು ಅಂತ ಸಿಕ್ಕಿದ್ದಕ್ಕೆಲ್ಲ ಒಂದು ಉಕಾರ ಅಂಟಿಸುವ ಮಲೆನಾಡಿನ ಕನ್ನಡದವಳು. ‘ಬ’ ಎಂದು ನಿಲ್ಲಿಸುವ ಮಗುವಿಗೆ ಕೊನೆಯ ‘ಸ್’ ಕೇಳಿಸಲಿ ಅಂತ ನಾನು ಒತ್ತಿ ಒತ್ತಿ ಹೇಳಿದಷ್ಟೂ ಅದು ‘ಬಸ್ಸು’ ಆಗುತ್ತಿತ್ತು. ಮಕ್ಕಳಿಗೆ ಅದು ಬಹಳ ಇಷ್ಟವಾಯಿತು. ಕೆಲವೇ ದಿನಗಳಲ್ಲಿ ಇಡೀ ಶೆಡ್ಡು ‘ಐ ಲೈಕು ರೈಸು’ ಎಂದು ಕೂಗತೊಡಗಿತು. ಬಾಲ ಬಂತಲ್ಲ, ಸ್ವಲ್ಪ ಉದ್ದ ಆದರೂ ಪರವಾಗಿಲ್ಲ ಅಂತ ನಾನೂ ಸುಮ್ನಿದ್ದೆ.

ಅಷ್ಟರಲ್ಲಿ ಆಸ್ಟ್ರೇಲಿಯಾದ ಪ್ರವಾಸಿ ಹುಡುಗನೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ಕ್ಲಾಸ್ ನೋಡಲು ಬಂದ. ಇಂಗ್ಲಿಷ್ ಅವನ ತಾಯಿನುಡಿ, ಮಕ್ಕಳಿಗೆ ಒಳ್ಳೆಯದಾಯಿತು ಅಂತ ಅವನನ್ನೇ ಮುಂದೆ ನಿಲ್ಲಿಸಿದೆ. ಅವನು ಎರಡು ವಾಕ್ಯ ಮಾತಾಡಿದ. ಮಕ್ಕಳು ನನ್ನ ಕಡೆ ತಿರುಗಿದರು. ಅವನು ಹೇಳಿದ್ದನ್ನೇ ನಾನು ನಮ್ಮ ಇಂಗ್ಲಿಷಿನಲ್ಲಿ ಹೇಳಿದೆ. ಮಕ್ಕಳು ಉತ್ತರ ಕೊಟ್ಟರು. ಈಗ ಅವನು ನನ್ನ ಕಡೆ ತಿರುಗಿದ. ಮಕ್ಕಳು ಹೇಳಿದ್ದನ್ನು ಅವನ ಇಂಗ್ಲಿಷಿನಲ್ಲಿ ಹೇಳಿದೆ. ಹೀಗೆ ಇಂಗ್ಲಿಷಿನಿಂದ ಇಂಗ್ಲಿಷಿಗೆ ದುಭಾಷಿ ಕೆಲಸ ಮಾಡಿ ಗಂಟಲು ಒಣಗಿತು. ಹೊರಡುವಾಗ, ನೀವು ಇಷ್ಟು ಬೇಗ ಖ್ಮೇರ್ ಕಲಿತಿದ್ದೀರಲ್ಲ ಅಂತ ನನ್ನನ್ನು ಹೊಗಳಿ ಹೋದ.

ಪಾಠ ನಿಲ್ಲಿಸುವ ಅಧಿಕಾರ ಅಲ್ಲಿ ಇಬ್ಬರಿಗೆ ಇತ್ತು. ಒಂದು ಮಳೆ. ತಗಡಿನ ಮೇಲೆ ಶುರುವಾದರೆ ನನ್ನ ದನಿ ನನಗೇ ಕೇಳದು. ಇನ್ನೊಂದು ತೊಲೆಯ ಸಂದಿಯಲ್ಲಿದ್ದ ದೊಡ್ಡ ಹಲ್ಲಿ, ‘ಟೊಕೇ’ ಅಂತಾರೆ, ಕೂಗುವುದೂ ಹಾಗೇ. ಅದು ಒಂದು ಸಲ ಟೊಕೇ ಅಂದರೆ ಮುಗಿಯಿತು, ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಎಣಿಸಲು ಕೂರುತ್ತಾರೆ. ಏಳು ಸಲ ಕೂಗಿದರೆ ಒಳ್ಳೆಯದಂತೆ. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುವ ಮನೆಯಿಂದ ಹೋದ ನಾನು ಯಾವ ಬಾಯಲ್ಲಿ ಬೈಯಲಿ? ನಾನೂ ಎಣಿಸುತ್ತಿದ್ದೆ. ಆರಕ್ಕೆ ನಿಂತರೆ ಹೊಟ್ಟೆ ಉರಿಯುತ್ತಿತ್ತು.

ಇನ್ನು ಊಟ. ಮಾಂಸ ತಿನ್ನುವುದಿಲ್ಲ ಅಂದೆ, ಮೀನು ಬಂತು. ಮೀನೂ ಬೇಡ ಅಂದೆ, ಸೊಪ್ಪಿನ ಸಾರು ಬಂತು, ಅದರಲ್ಲಿ ಪ್ರಹೋಕ್. ಪ್ರಹೋಕ್ ಅಂದರೆ ಉಪ್ಪು ಹಾಕಿ ಹುದುಗಿಸಿದ ಮೀನಿನ ಪೇಸ್ಟು. ಅಲ್ಲಿನ ಅಡುಗೆಗೆ ಜೀವ, ವಾಸನೆಗೆ ಮಾತ್ರ ನೆರೆಮನೆಯ ತನಕ ಹೋಗುವ ಶಕ್ತಿ. ಇದರಲ್ಲಿ ಮೀನಿದೆಯಲ್ಲಾ ಅಂದರೆ ಯಜಮಾನಿಗೆ ಆಶ್ಚರ್ಯ. ಮೀನೆಲ್ಲಿದೆ, ಕಾಣ್ತಿಲ್ವಲ್ಲ? ಅವರ ಮುಂದಿನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿನ ಬೌದ್ಧ ಭಿಕ್ಷುಗಳು ಭಿಕ್ಷೆಯಲ್ಲಿ ಬಂದ ಮೀನು-ಮಾಂಸ ತಿನ್ನುತ್ತಾರೆ. ಭಿಕ್ಷುಗಳೇ ತಿನ್ನುವಾಗ ನೀನು ಯಾವ ದೊಡ್ಡ ಮನುಷ್ಯಳು ಅಂತ ಕೇಳಿದರು. ಕೊನೆಗೆ ಅನ್ನ, ಹುರಿದ ಸೊಪ್ಪು ಮತ್ತು ಹಸಿ ಕಾಳುಮೆಣಸಿನ ಗೊಂಚಲಿಗೆ ರಾಜಿಯಾಯಿತು.

ಕಾಳುಮೆಣಸು ಅಂದೆನಲ್ಲ, ಅಲ್ಲಿಯ ಹೆಮ್ಮೆ ಅದು. ಕಂಪೋಟ್ ಮೆಣಸಿಗೆ 2010ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಒಂದು ಭಾನುವಾರ ಯಜಮಾನಿಯ ತಮ್ಮ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬಳ್ಳಿ ತೋರಿಸಿ, ಇದನ್ನು ಎಲ್ಲಾದರೂ ನೋಡಿದ್ದೀಯಾ ಅಂತ ಕೇಳಿದರು. ಹುಟ್ಟಿದಾಗಿನಿಂದ ನೋಡಿದ್ದೇನೆ ಅಂದರೆ ಅವರ ಮುಖ ಬಾಡುತ್ತಿತ್ತು, ಅದಕ್ಕೆ ಕಣ್ಣರಳಿಸಿ ನಿಂತೆ. ನಮ್ಮಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದರೆ ಅಲ್ಲಿ ಕಂಬ ನೆಟ್ಟು ಹಬ್ಬಿಸುತ್ತಾರೆ, ಅಷ್ಟೇ ವ್ಯತ್ಯಾಸ. ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋಟದ ಫೋಟೋ ತೋರಿಸಿದೆ. ಚೆನ್ನಾಗಿದೆ ಅನ್ನಲಿಲ್ಲ, ಕೆಜಿಗೆಷ್ಟು ಅಂದರು. ಹೇಳಿದೆ. ಆಮೇಲೆ ನೆಟ್‌ವರ್ಕ್ ಹೋಯಿತೋ ಅಂತ ನೋಡಿದೆ, ಇಲ್ಲ, ಅಪ್ಪನೇ ಸುಮ್ಮನಾಗಿದ್ದರು.

ದುಡ್ಡಿನ ಕಥೆ ಬೇರೆ. ಅಂಗಡಿಯಲ್ಲಿ ಡಾಲರೂ ನಡೆಯುತ್ತದೆ, ಅಲ್ಲಿನ ರಿಯೆಲೂ ನಡೆಯುತ್ತದೆ, ಒಂದು ಡಾಲರಿಗೆ ಹತ್ತಿರ ಹತ್ತಿರ 4000 ರಿಯೆಲ್. ಮುದುಡಿದ ರಿಯೆಲ್ ಯಾರೂ ಬೇಡ ಅನ್ನುವುದಿಲ್ಲ. ಡಾಲರಿಗೆ ಉಗುರಿನಷ್ಟು ಹರುಕಿದ್ದರೆ ಮುಟ್ಟುವುದಿಲ್ಲ. ನನ್ನ ಹತ್ತಿರ ಮೂಲೆ ಹರಿದ ಇಪ್ಪತ್ತರ ನೋಟೊಂದಿತ್ತು. ತರಕಾರಿಯವಳಿಂದ ಹಿಡಿದು ಪೆಟ್ರೋಲನ್ನು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿಸಿ ಮಾರುವವನ ತನಕ ಎಲ್ಲರೂ ಅದನ್ನು ಬಿಸಿಲಿಗೆ ಹಿಡಿದು ನೋಡಿ ಗೌರವದಿಂದ ವಾಪಸು ಕೊಟ್ಟರು.

ಆ ನೋಟಿಗೆ ಮೋಕ್ಷ ಸಿಗಬಹುದು ಅಂತ ಆಸೆ ಹುಟ್ಟಿಸಿದ್ದು ಮದುವೆಗಳು. ಮಳೆಗಾಲ ಮುಗಿದರೆ ಸಾಕು, ರಸ್ತೆಗೆ ಅಡ್ಡ ಶಾಮಿಯಾನ, ಬೆಳಗಿನ ಜಾವಕ್ಕೇ ಮೈಕ್‌ಸೆಟ್. ಪರದೇಶದ ಟೀಚರ್ ಫೋಟೋದಲ್ಲಿ ಇದ್ದರೆ ಚಂದ ಅಂತ ನನಗೂ ಕರೆಯೋಲೆ ಬರುತ್ತಿತ್ತು. ಅದು ಬರುವ ಲಕೋಟೆಯಲ್ಲೇ ದುಡ್ಡು ಹಾಕಿ ಬಾಗಿಲಲ್ಲಿ ಕೊಡಬೇಕು, ಮೇಜಿನ ಹಿಂದೆ ಕೂತವರು ಹೆಸರಿನ ಮುಂದೆ ಮೊತ್ತ ಬರೆದುಕೊಳ್ಳುತ್ತಾರೆ. ನಮ್ಮ ಮುಯ್ಯಿ ಪುಸ್ತಕವೇ. ಸಂಬಳವಿಲ್ಲದವಳು ಅಂತ ಬಾಳೆಹಣ್ಣು ಕೊಟ್ಟ ಬೀದಿಯೇ ಲಕೋಟೆಯನ್ನೂ ಕೊಡುತ್ತಿತ್ತು ಅನ್ನುವುದು ಬೇರೆ ಮಾತು. ಹರಿದ ನೋಟನ್ನು ಮಡಚಿ ಹಾಕಿಕೊಟ್ಟೆ. ಮೇಜಿನ ಹಿಂದಿನವರು ಬಿಡಿಸಿ, ಬಲ್ಬಿಗೆ ಹಿಡಿದು, ನಗುತ್ತಾ ಕೈಗೇ ಕೊಟ್ಟರು.

ನಮ್ಮಲ್ಲಿ ಮಹಾಲಯ ಪಕ್ಷ ನಡೆಯುವ ಹೊತ್ತಿಗೆ ಅಲ್ಲಿ ಪ್ಚುಮ್ ಬೆನ್. ಹದಿನೈದು ದಿನ ಹಿರಿಯರಿಗೆ ಅನ್ನ. ಎಳ್ಳು ಬೆರೆಸಿದ ಅನ್ನದ ಉಂಡೆಗಳನ್ನು ಬೆಳಕು ಹರಿಯುವ ಮೊದಲೇ ವಾಟ್ ಸುತ್ತ ಬರಿಗಾಲಲ್ಲಿ ನಡೆಯುತ್ತಾ ಎಸೆಯುತ್ತಾರೆ. ಹಿರಿಯರು ಏಳು ವಾಟ್‌ಗಳಲ್ಲಿ ಹುಡುಕುತ್ತಾರಂತೆ, ಎಲ್ಲೂ ಸಿಗದಿದ್ದರೆ ಶಾಪ ಹಾಕಿ ಹೋಗುತ್ತಾರಂತೆ. ಯಜಮಾನಿ ಕತ್ತಲಲ್ಲೇ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದರು. ಮುಂದಿನವರು ಎಸೆದ ಅನ್ನದ ಮೇಲೆ ಕಾಲಿಟ್ಟು ಜಾರಿ, ಯಾರದೋ ಅಜ್ಜಿಯ ಮೇಲೆ ಬಿದ್ದು, ಎದ್ದು, ಮತ್ತೆ ನಡೆದೆ. ಯಜಮಾನಿ ನನ್ನ ಕೈಗೂ ಒಂದು ಉಂಡೆ ಕೊಟ್ಟರು. ನೀನು ಇಲ್ಲಿದ್ದೀಯಲ್ಲ, ನಿನ್ನವರು ಇಲ್ಲಿಗೇ ಹುಡುಕಿಕೊಂಡು ಬಂದರೆ ಅಂದರು. ನನ್ನ ಅಜ್ಜ ಮಡಿಯ ಮನುಷ್ಯ, ಹೋಟೆಲಿನ ನೀರು ಕುಡಿದವರಲ್ಲ, ಶಿವಮೊಗ್ಗಕ್ಕೆ ಹೋಗುವುದೇ ಅವರಿಗೆ ದೊಡ್ಡ ಪ್ರಯಾಣವಾಗಿತ್ತು. ಅಷ್ಟು ದೂರ ಬರಲಾರರು ಅಂದೆ. ಯಜಮಾನಿ ಏನೋ ಹೇಳಿದರು. ಮೊಮ್ಮಗಳು ಕಣ್ಣುಜ್ಜಿಕೊಳ್ಳುತ್ತಾ ತರ್ಜುಮೆ ಮಾಡಿದಳು: “ನೋ ನೀ ಪಾಸ್‌ಪೋ, ಚರ್. ಆಂಡ್ ನೋ ಪ್ರಹೋ.”