ಮೇಣದ ಬೆರಳು, ಮಣ್ಣಿನ ತೊಟ್ಟಿಲು

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಎಕ್ಸೆಟರ್ ಕೆಥೆಡ್ರಲ್ ನೋಡಲು ಹೋಗಿದ್ದೆ. ಜೊತೆಗಿದ್ದ ಸಹೋದ್ಯೋಗಿ ಅಲ್ಲಿ ಸಿಕ್ಕ ಮೇಣದ ಹರಕೆಗಳ ಕಥೆ ಹೇಳಿ, "ದೇವರಿಗೂ ಲಂಚ ನೋಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಉಜಿರೆ ಹತ್ತಿರದ ಸುರ್ಯ ದೇವಸ್ಥಾನದಲ್ಲಿ ಬೇಡಿದ್ದು ಸಿಕ್ಕಮೇಲೆ ಅದರದ್ದೇ ಮಣ್ಣಿನ ಗೊಂಬೆ ಒಪ್ಪಿಸುವುದು ರೂಢಿ. ಮೊಮ್ಮಗು ಬೇಕೆಂದು ಹರಕೆ ಹೊತ್ತಿದ್ದ ನಮ್ಮಜ್ಜಿ ಅಲ್ಲಿಗೆ ಮಣ್ಣಿನ ತೊಟ್ಟಿಲು ಒಪ್ಪಿಸಿದ್ದರು. ಆ ತೊಟ್ಟಿಲು ನನ್ನ ಲೆಕ್ಕದ್ದು!

1942ರ ಮೇನಲ್ಲಿ ಈ ಕೆಥೆಡ್ರಲ್ ಮೇಲೆ ಜರ್ಮನ್ ಬಾಂಬ್ ಬಿತ್ತು. ಮರುವರ್ಷ ಬಿಷಪ್ ಎಡ್ಮಂಡ್ ಲೇಸಿಯ ಸಮಾಧಿಗೆ ಮೇಲುಗಡೆ, ಕಲ್ಲಿನ ಅಡ್ಡಗೋಡೆಯ ನೆತ್ತಿಯಲ್ಲಿ ಮೇಣದ ಚೂರುಗಳು ಸಿಕ್ಕವು. ಬೆರಳು, ಪಾದ, ದನಕುದುರೆಗಳ ಅಂಗಗಳು, ಹೆಂಗಸಿನ ಒಂದು ಇಡೀ ಗೊಂಬೆ. ತೂಗುಹಾಕಲು ದಾರ ಬೇರೆ. ಲೇಸಿ ತೀರಿಕೊಂಡಿದ್ದು 1455ರಲ್ಲಿ. ರೋಮ್ ಅವನನ್ನು ಸಂತ ಎಂದು ಘೋಷಿಸಲೇ ಇಲ್ಲ. ಕಾಲುನೋವಿನವರು ಅದಕ್ಕೆಲ್ಲ ಕಾಯ್ತಾರಾ?

ಹೆರೆಫರ್ಡ್ ಊರಿನ ಕೆಥೆಡ್ರಲ್‌ನಲ್ಲಿ ಇನ್ನೂ ಮಜಾ. ಅಲ್ಲಿ ಬಿಷಪ್ ಆಗಿದ್ದ ಥಾಮಸ್ ಕ್ಯಾಂಟಿಲೂಪ್ ನಿಜಕ್ಕೂ ಸಂತನೋ ಅಲ್ಲವೋ ಎಂದು ವಿಚಾರಿಸಲು 1307ರಲ್ಲಿ ಪೋಪ್ ಕಡೆಯವರು ಬಂದರು. ಸಮಾಧಿ ಹತ್ತಿರ ಇದ್ದದ್ದನ್ನೆಲ್ಲ ಕೂತು ಎಣಿಸಿದರು: ಮೇಣದ ಆಕೃತಿಗಳೇ 1,424, ಬೆಳ್ಳಿಯ ಹಡಗು 170, ನಡೆಯಲು ಬಂದವರು ಬಿಟ್ಟುಹೋದ ಊರುಗೋಲು 108. ಹಡಗು ಯಾಕೆ ಅಂದರೆ, ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವರೂ ಹರಕೆ ಹೊತ್ತಿದ್ದರು. ಸುರ್ಯದ ಹರಕೆ ಬನದಲ್ಲಿ ಮಣ್ಣಿನ ಮನೆ, ವಾಹನ ಕಾಣುವುದೂ ಇದೇ ಲೆಕ್ಕದಲ್ಲಿ.

ನನಗೆ ಜಾಸ್ತಿ ಇಷ್ಟವಾದದ್ದು ಬಗ್ಗಿಸಿದ ಪೆನ್ನಿ. ಮನೆಯಲ್ಲಿ ಯಾರಿಗಾದರೂ ಜೋರು ಕಾಯಿಲೆ ಬಂದರೆ ಸಂತನ ಹೆಸರು ಹೇಳಿ ಒಂದು ಬೆಳ್ಳಿ ನಾಣ್ಯ ಬಗ್ಗಿಸುತ್ತಿದ್ದರು. ಆಮೇಲೆ ಅದು ಸಂತನದು, ಸಂತೆಗಲ್ಲ. ಅರಿಶಿನ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಡುವ ನಮ್ಮ ಮುಡಿಪೂ ಇದೇ ಅಲ್ವಾ? ರೋಗಿಯ ಉದ್ದವನ್ನು ದಾರದಲ್ಲಿ ಅಳೆದು, ಆ ದಾರವನ್ನೇ ಬತ್ತಿ ಮಾಡಿ ಮೇಣದಬತ್ತಿ ಒಪ್ಪಿಸುವ ರೂಢಿಯೂ ಇತ್ತು. ನಾವು ತುಲಾಭಾರದಲ್ಲಿ ತೂಕ ಕೊಡುತ್ತೇವೆ, ಅವರು ಎತ್ತರ ಕೊಟ್ಟರು.

ಲಂಚ ಅನ್ನುವ ಮಾತನ್ನು ಊರಲ್ಲೂ ಓದಿದವರಿಂದ ಕೇಳಿದ್ದೇನೆ. ನಾನು ಒಪ್ಪೋದಿಲ್ಲ. ಲಂಚ ಮೊದಲೇ ಕೊಡಬೇಕು, ಅದೂ ಮೇಜಿನ ಕೆಳಗೆ. ಹರಕೆ ತೀರಿಸುವುದು ಕೆಲಸ ಆದಮೇಲೆ, ನಾಲ್ಕು ಜನರ ಎದುರು. ತನಗೆ ಎಲ್ಲಿ ನೋವಿತ್ತು ಎಂದು ತೂಗುಹಾಕಿ ತೋರಿಸುವವನಿಗೆ ಮುಚ್ಚಿಡುವುದೇನಿದೆ?

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಸರ್ಕಾರ 1538ರಲ್ಲಿ ಇಂಥದ್ದಕ್ಕೆಲ್ಲ ತಡೆ ಹಾಕಿತು. ಎಕ್ಸೆಟರ್‌ನ ಚೂರುಗಳು ಉಳಿದದ್ದು ಸುಮ್ನೆ ಅದೃಷ್ಟ. ಸುರ್ಯದಲ್ಲಿ ಉಳಿಸುವ ಯೋಚನೆಯೇ ಇಲ್ಲ. ಬನದ ಮಳೆಗೆ ಮಣ್ಣು ಮಣ್ಣಾಗುತ್ತದೆ.

ಹೋದ ವರ್ಷ ಅಮ್ಮನ ಮಂಡಿ ಆಪರೇಷನ್ ಆಯಿತು. ಇಲ್ಲಿಂದಲೇ ಹರಕೆ ಹೊತ್ತಿದ್ದೆ, ಫೋನಿನಲ್ಲಿ ಹೇಳಿದೆ. ಅಮ್ಮನಿಗೆ ಒಂದೇ ಚಿಂತೆ: "ಬಲಗಾಲು ಅಂತ ಸರಿಯಾಗಿ ಹೇಳಿದ್ದೀಯ ತಾನೇ?"