ಸ್ಪಷ್ಟನೆ: ವಿಆರ್ ಕನ್ನಡಕ ಹಾಕಿಸಿ ಯಾರನ್ನೂ ಗುದ್ದಿಸುವುದಿಲ್ಲ

ಕೊಪ್ಪಳ, ಗಂಗಾವತಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಕಾರು ಕಂಪನಿಗಳು ಈಗ ಮನುಷ್ಯರಿಗೇ ವಿಆರ್ ಕನ್ನಡಕ (ಕಂಪ್ಯೂಟರ್ ಕಟ್ಟಿದ ದೃಶ್ಯವನ್ನು ಸುತ್ತಲೂ ಇದ್ದ ಹಾಗೆ ತೋರಿಸುವ ಕನ್ನಡಕ) ಹಾಕಿ, ಕಾರಲ್ಲಿ ಕೂರಿಸಿ ಗುದ್ದಿಸುತ್ತವಂತೆ. ಡಿಕ್ಕಿ ಪರೀಕ್ಷೆಗೆ ಕಾರಲ್ಲಿ ಕೂರಿಸುವ ಗೊಂಬೆಗಳ ಕಾಲ ಮುಗಿಯಿತಂತೆ. ಎರಡೂ ತಪ್ಪು.

ವಿಆರ್ ಕನ್ನಡಕದಲ್ಲಿ ನೋಡುವ ಡಿಕ್ಕಿ ಆಗುವುದು ಕಂಪ್ಯೂಟರಿನೊಳಗೆ. ಟೊಯೋಟಾದವರ ‘ಥಮ್ಸ್’ ಎಂಬ ಮನುಷ್ಯ ದೇಹದ ಮಾದರಿ 2000ದಲ್ಲೇ ಬಂತು. 2021ರಿಂದ ಅದು ಪುಕ್ಕಟೆ. ಮೂಳೆ, ಸ್ನಾಯು, ಮಿದುಳು, ಎಲ್ಲವನ್ನೂ ಸಣ್ಣ ಸಣ್ಣ ತುಂಡು ಜೋಡಿಸಿ ಕಟ್ಟಿದ್ದಾರೆ. ಯಾವ ತುಂಡಿನ ಮೇಲೆ ಎಷ್ಟು ಒತ್ತಡ ಬಿತ್ತು, ಪಕ್ಕೆಲುಬು ಎಲ್ಲಿ ಮುರಿಯಬಹುದು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಿಜವಾದ ಡಿಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ, ಅಲ್ವಾ? ಲೆಕ್ಕ ಮುಗಿದ ಮೇಲೆ ಎಂಜಿನಿಯರ್ ವಿಆರ್ ಕನ್ನಡಕ ಹಾಕಿಕೊಂಡು, ಆ ಡಿಕ್ಕಿಯ ದೃಶ್ಯವನ್ನು ನಿಧಾನಕ್ಕೆ ಓಡಿಸಿ, ಸೀಟಿನ ಪಕ್ಕವೇ ನಿಂತ ಹಾಗೆ ಸುತ್ತಲೂ ನೋಡಬಹುದು. ಪೆಟ್ಟು ಯಾರಿಗೂ ಇಲ್ಲ.

ಜನರನ್ನೇ ಕೂರಿಸುವ ವಿಆರ್ ಪ್ರಯೋಗಗಳೂ ಇವೆ. ಅಲ್ಲಿ ನೋಡುವುದು ಬ್ರೇಕ್ ಯಾವಾಗ ಒತ್ತಿದರು ಎಂಬಂಥ ವಿಷಯ ಮಾತ್ರ. ಮೆಸೇಜ್ ಬರೆದವರು ಇದನ್ನೇ ಕಲಸಿರಬೇಕು.

ಗೊಂಬೆಗಳಿಗೂ ಕೆಲಸ ಹೋಗಿಲ್ಲ. 2023ರ ಅಕ್ಟೋಬರ್ 1ರಂದು ಶುರುವಾದ, ಕಾರಿನ ಸುರಕ್ಷತೆ ಅಳೆಯುವ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ನಿಜವಾದ ಕಾರನ್ನೇ ಗುದ್ದಿಸುತ್ತಾರೆ, ಒಳಗೆ ಗೊಂಬೆ ಕೂರಿಸಿ.

ಮೆಸೇಜಿನ ಕೊನೆಯ ಸಾಲು ಮಾತ್ರ ಸುಮ್ನೆ ಬಿಡುವಂಥದ್ದಲ್ಲ: ‘ಏರ್‌ಬ್ಯಾಗ್ ಇದ್ದರೆ ಬೆಲ್ಟ್ ಬೇಡ.’ ಬೆಲ್ಟ್ ಹಾಕದಿದ್ದರೆ ಮೈ ಮುಂದಕ್ಕೆ ಚಿಮ್ಮುತ್ತದೆ. ಆಗ ರಭಸದಿಂದ ಉಬ್ಬುತ್ತಿರುವ ಬ್ಯಾಗೇ ಮುಖಕ್ಕೆ, ಎದೆಗೆ ಬಡಿಯುತ್ತದೆ. ಹೊಸಪೇಟೆ ರಸ್ತೆಗೆ ಇಳಿಯುವವರು ಆ ಸಾಲನ್ನು ನಂಬಬೇಡಿ.